ಮದ್ದು ಕೊಟ್ಟವರ ಆರೋಗ್ಯ
(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತು)



ಸಾಲ, ವಸೂಲಿ, ವಿಕ್ರಿಯ ಲೆಕ್ಕವನ್ನು ಕಾರ್ಯದರ್ಶಿಗಳು ಆಗಲೇ ಹೇಳಿದ್ದಾರೆ. ನಮ್ಮ ಪಾಲಿಗೆ ಬಂದ ವಿಷಯ ಆರೋಗ್ಯ. ನಾವು ಡಾಕ್ಟರಲ್ಲ, ತೋಟಿಗರು. ತಿಳಿದಷ್ಟು ಹೇಳುತ್ತೇವೆ.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಜನರನ್ನು ತಾವೆಲ್ಲ ಬಲ್ಲಿರಿ. ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ಅವರ ಹತ್ತಿರ ಕೂತು ನಾರು-ಬೇರಿನ ಮದ್ದನ್ನೆಲ್ಲ ಬರೆದುಕೊಂಡರು. 1995ರಲ್ಲಿ ಅದು ಹೊರದೇಶದ ಪತ್ರಿಕೆಯಲ್ಲಿ ಅಚ್ಚಾಯಿತು. 69 ಜಾತಿಯ ಗಿಡ, 98 ಬಗೆಯ ಮದ್ದು, 40 ತರದ ಕಾಯಿಲೆ! ಅದೇ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಮೊದಲು ಮದ್ದಿನ ಗುರುತು, ಎಂಟು ವರ್ಷದ ಮೇಲೆ ಮನುಷ್ಯರ ಗುರುತು. ಸಂಶೋಧಕರ ಕೆಲಸ ದೊಡ್ಡದೇ, ಅನುಮಾನವಿಲ್ಲ. ಆದರೆ ಬರಹ ಇಂಗ್ಲಿಷಿನದು. ಹೇಳಿಕೊಟ್ಟ ಅಜ್ಜ ಓದುವುದು ಹೇಗೆ?

ದೂರದವರನ್ನು ಹೇಳಿ ನಾವು ತಪ್ಪಿಸಿಕೊಳ್ಳುವ ಹಾಗಿಲ್ಲ. ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಅಜ್ಜಿಯೊಬ್ಬರು ಕಾಮಾಲೆಗೆ ಮದ್ದು ಕೊಡುತ್ತಿದ್ದರು. "ಹೆಸರು ಹೇಳಿದ್ರೆ ಮದ್ದು ತಾಗೂದಿಲ್ಲ" ಎಂದು ಮಗನಿಗೂ ಗಿಡ ತೋರಿಸಲಿಲ್ಲ. ಕೊನೆಕೊಯ್ಲು ಮುಗಿಯಲಿ, ಕೇಳುವಾ ಅಂದುಕೊಂಡೆವು. ಅಷ್ಟರಲ್ಲಿ ಲಕ್ವ ಹೊಡೆದು ಅಜ್ಜಿ ಮಾತು ಕಳಕೊಂಡರು, ಮಳೆಗಾಲ ದಾಟಲಿಲ್ಲ. ಆಸ್ಪತ್ರೆಗೆ ಒಯ್ದ ದಿನವೇ ಅವರ ಬಿ.ಪಿ. ಮೊದಲ ಸಲ ನೋಡಿದ್ದು. ಮದ್ದು ಕೇಳಿಕೊಂಡು ಬಂದವರು ಎಷ್ಟೋ ಜನ. "ಅಜ್ಜಿ, ನಿಂಗೆ ಹೆಂಗಿದ್ದು?" ಎಂದು ನಾವೂ ಕೇಳಿರಲಿಲ್ಲ.

ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಸೋಲಿಗರ ಮದ್ದನ್ನು ಹಳಿಯದೆ ಆಸ್ಪತ್ರೆ ನಡೆಸಿದರು. ಸೋಲಿಗರಲ್ಲಿ ಕುಡುಗೋಲು ಕಣದ ರಕ್ತಹೀನತೆ ಇರುವುದು ರಕ್ತ ಪರೀಕ್ಷೆಯಿಂದ ಗೊತ್ತಾಯಿತು. ರಕ್ತದ ಕೆಂಪು ಕಣ ಕತ್ತಿಯ ಹಾಗೆ ಬಾಗಿ ಸಣ್ಣ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ, ಸಹಿಸಲಾಗದ ನೋವು. ಇದು ತಂದೆ-ತಾಯಿಯಿಂದ ಬರುವಂಥದ್ದು, ಬೇರು ತೇಯ್ದರೆ ಹೋಗುವುದಲ್ಲ. ಇಂಥದ್ದಕ್ಕೆ ದೇಶಮಟ್ಟದ ಅಭಿಯಾನ ಶುರುವಾದದ್ದು 2023ರ ಜುಲೈಯಲ್ಲಿ. ಬೆಟ್ಟದಲ್ಲಿ ಕೇಳಿ ಬರೆದುಕೊಂಡದ್ದು ಚಿಕಿತ್ಸೆಯಾಗಿ ಅದೇ ಜನರಿಗೆ ತಿರುಗಿ ಬಂತು ನೋಡಿ, ಅದು ನಮಗೆ ಹಿಡಿಸಿತು.

ಹಾಗಾಗಿ ಸಂಘದ ಮುಂದೆ ಒಂದು ಬೇಡಿಕೆ. ಅರವತ್ತು ದಾಟಿದವರಿಗೆ, ಸದಸ್ಯರಿರಲಿ ಇಲ್ಲದಿರಲಿ, ವರ್ಷಕ್ಕೆರಡು ಸಲ ಬಿ.ಪಿ., ಸಕ್ಕರೆ ನೋಡಿಸಬೇಕು. ಬಾಯಿಯನ್ನೂ ನೋಡಿಸಬೇಕು. ಅಡಿಕೆ ಬೆಳೆಯುವ ನಮಗೆ ಇದನ್ನು ಹೇಳಲು ಸಂಕೋಚವೇ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧಕರು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೊಗೆಸೊಪ್ಪಿಲ್ಲದ ಕವಳಕ್ಕೂ ದೋಷ ಹೇಳಿದ್ದಾರೆ. ತಪಾಸಣೆಯ ಚೀಟಿ ಅವರವರ ಕೈಗೇ ಹೋಗಬೇಕು. ಮದ್ದು ಬಲ್ಲವರು ಒಪ್ಪಿದರೆ ಮಾತ್ರ, ಅವರ ಹೆಸರಿನ ಸಮೇತ, ಕನ್ನಡದಲ್ಲಿ ಬರೆದಿಡುವಾ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯತಿಯ ಸಮಿತಿಯಲ್ಲಿ ಇದಕ್ಕೆ ದಾಖಲೆ ಪುಸ್ತಕವೇ ಇದೆ.

ಮೊದಲ ತಪಾಸಣೆಗೆ ಗೋದಾಮಿನ ಜಗಲಿ ಬಿಟ್ಟುಕೊಡಲು ಅಧ್ಯಕ್ಷರು ಒಪ್ಪಿದ್ದಾರೆ. ನಡೆಯಲಾಗದವರನ್ನು ಕರೆತರಲು ಜೀಪು ಇದ್ದವರು ಊಟಕ್ಕೆ ಮೊದಲು ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿ. ನಮ್ಮ ಜೀಪಿನ ಹೆಸರು ಬರೆಸಿಯೇ ಬಂದಿದ್ದೇವೆ.