ಸರ್ವರ್ ಉತ್ತರ ಕೊಡದಿದ್ದಾಗ ಕರ್ನೆಲ್ ಏನು ಮಾಡುತ್ತದೆ?

"ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ." ಕೊಗನೊಳ್ಳಿ, ನಿಪ್ಪಾಣಿ, ರಾಯಬಾಗ, ಅಥಣಿ ಕಡೆಯ ರೈತರಿಗೆ ಈ ಮಾತು ಹೊಸದಲ್ಲ. ಸಂಪರ್ಕ ಕಡಿದಾಗ ಕಂಪ್ಯೂಟರಿನ ಮೂಲ ತಂತ್ರಾಂಶವಾದ ಕರ್ನೆಲ್ ಒಳಗೊಳಗೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಮಾತ್ರ ನಲವತ್ತು ವರ್ಷಗಳ ಇತಿಹಾಸವಿದೆ.

'ಭೂಮಿ' ಯೋಜನೆ 2000ದ ಆಸುಪಾಸಿನಲ್ಲಿ ಕರ್ನಾಟಕದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಮೊದಮೊದಲು ಆಯಾ ತಾಲ್ಲೂಕಿನ ದಾಖಲೆ ಅದೇ ತಾಲ್ಲೂಕು ಕಚೇರಿಯ ಯಂತ್ರದಲ್ಲಿರುತ್ತಿತ್ತು. 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಆದರೆ ಕೊಗನೊಳ್ಳಿಯವರು ಅದಕ್ಕಾಗಿ ಆಗಿನ ತಾಲ್ಲೂಕು ಕೇಂದ್ರ ಚಿಕ್ಕೋಡಿಗೆ ಹೋಗಬೇಕಿತ್ತು. ಮುಂದೆ ದಾಖಲೆಗಳು ಬೆಂಗಳೂರಿನ ಡೇಟಾ ಸೆಂಟರ್ ಸೇರಿದವು, ಪಹಣಿ ನಾಡಕಚೇರಿಯಲ್ಲೇ ಸಿಗತೊಡಗಿತು. ರೈತನ ದಾರಿ ಗಿಡ್ಡವಾಯಿತು, ದಾಖಲೆಯ ದಾರಿ ಉದ್ದವಾಯಿತು. ಡೇಟಾ ಸೆಂಟರುಗಳ ಒಳಗೂ ಇದೇ ಕಥೆ: ಲೆಕ್ಕ ಮಾಡುವ ಯಂತ್ರ ಒಂದು ಕಡೆ, ಡಿಸ್ಕು ಇನ್ನೊಂದು ಕಡೆ, ನಡುವೆ ನೆಟ್‌ವರ್ಕ್.

ಡಿಸ್ಕನ್ನು ಹೀಗೆ ದೂರವಿಡುವ ರೂಢಿ ಬಲಗೊಂಡದ್ದು ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಿಂದ. ಅದು 1980ರ ದಶಕದ ನಡುವೆ ಎನ್‌ಎಫ್‌ಎಸ್ ಎಂಬ ವ್ಯವಸ್ಥೆಯನ್ನು ಹೊರತಂದಿತು. ಅದರ ಸರ್ವರ್ ಯಾರ ನೆನಪನ್ನೂ ಇಟ್ಟುಕೊಳ್ಳುತ್ತಿರಲಿಲ್ಲ; ಬಿದ್ದು ಎದ್ದರೂ ಕೇಳುವವ ಅದೇ ಪ್ರಶ್ನೆ ಮತ್ತೆ ಕೇಳಿದರೆ ಸಾಕಿತ್ತು. ಬಹಳ ಸೊಗಸಾದ ಯೋಚನೆ. ತೊಡಕು ಅದರಲ್ಲೇ ಇತ್ತು. ಕಡತವನ್ನು ಅಳಿಸು ಎಂದು ಕೇಳಿದಾಗ ಸರ್ವರ್ ಅಳಿಸುತ್ತದೆ, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗುತ್ತದೆ. ಮತ್ತೆ ಕೇಳಿದರೆ "ಅಂಥ ಕಡತವೇ ಇಲ್ಲ" ಎಂಬ ಉತ್ತರ! ಕೆಲಸ ಆದದ್ದೂ ನಿಜ, ಉತ್ತರವೂ ನಿಜ, ಆದರೂ ಕೇಳಿದವನಿಗೆ ಸಿಕ್ಕಿದ್ದು ಸೋಲು. 1989ರಲ್ಲಿ ಎಂಜಿನಿಯರ್ ಚೆಟ್ ಯುಸ್ಚಾಕ್ ಇದಕ್ಕೆ ಪರಿಹಾರ ವಿವರಿಸಿದರು: ಇತ್ತೀಚಿನ ಪ್ರಶ್ನೆಗಳನ್ನೂ ಅವಕ್ಕೆ ಕೊಟ್ಟ ಉತ್ತರಗಳನ್ನೂ ಸರ್ವರ್ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳಬೇಕು.

ಸರ್ವರ್ ಏಳಲೇ ಇಲ್ಲ ಎಂದರೆ? ಆಡಳಿತಗಾರನ ಮುಂದೆ ಎರಡು ದಾರಿ. 'ಹಾರ್ಡ್' ಮೌಂಟ್ ಮಾಡಿದರೆ, ಅಂದರೆ ದೂರದ ಡಿಸ್ಕನ್ನು ಹಾಗೆ ಜೋಡಿಸಿಕೊಂಡರೆ, ಕರ್ನೆಲ್ ಕೊನೆಯಿಲ್ಲದೆ ಕಾಯುತ್ತದೆ. 'ಸಾಫ್ಟ್' ಆದರೆ ಕೆಲವು ಸಲ ಯತ್ನಿಸಿ ದೋಷ ಹೇಳಿಬಿಡುತ್ತದೆ. ಆ ದೋಷವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಪ್ರೋಗ್ರಾಂ ಅರ್ಧ ಬರೆದ ದಾಖಲೆಯನ್ನೇ ಪೂರ್ತಿಯೆಂದು ನಂಬುತ್ತದೆ. ಕಾಯುವಾಗ ಪರದೆಯ ಮೇಲೆ ಮೂಡುವ ಸಾಲು "ಸರ್ವರ್ ನಾಟ್ ರೆಸ್ಪಾಂಡಿಂಗ್, ಸ್ಟಿಲ್ ಟ್ರೈಯಿಂಗ್". ಲಿನಕ್ಸ್ ಎಂಬ ಕರ್ನೆಲಿನಲ್ಲಿ ಹೀಗೆ ಕಾಯುವ ಪ್ರಕ್ರಿಯೆಯ ಮುಂದೆ 'ಡಿ' ಅಕ್ಷರ ಕಾಣುತ್ತದೆ. ಅದನ್ನು ಬಲವಂತವಾಗಿ ಕೊಲ್ಲಲೂ ಆಗುತ್ತಿರಲಿಲ್ಲ. ಎಷ್ಟೋ ಸಲ ಇಡೀ ಯಂತ್ರವನ್ನೇ ರೀಬೂಟ್ ಮಾಡಬೇಕಾಗುತ್ತಿತ್ತು. 2008ರ 2.6.25 ಆವೃತ್ತಿಯಲ್ಲಿ ಕರ್ನೆಲ್ ಡೆವಲಪರ್ ಮ್ಯಾಥ್ಯೂ ವಿಲ್ಕಾಕ್ಸ್ ತಂದ ಬದಲಾವಣೆಯಿಂದ ಇಂಥ ಪ್ರಕ್ರಿಯೆಯನ್ನು ಕಡೇ ಪಕ್ಷ ಕೊಲ್ಲುವುದಾದರೂ ಸಾಧ್ಯವಾಯಿತು.

ಅಷ್ಟರಲ್ಲಿ ಐಸ್ಕಸಿ ಎಂಬ ಇನ್ನೊಂದು ವ್ಯವಸ್ಥೆ ಬಂದಿತ್ತು. ಅದರ ಮಾನದಂಡ ಹೊರಬಿದ್ದದ್ದು 2004ರಲ್ಲಿ. ಇಲ್ಲಿ ಕಡತವಲ್ಲ, ಇಡೀ ಡಿಸ್ಕೇ ನೆಟ್‌ವರ್ಕಿನಾಚೆ. ಲಿನಕ್ಸ್ ತನ್ನ ಸಾಮಾನ್ಯ ಹೊಂದಾಣಿಕೆಯಲ್ಲಿ ಸರ್ವರನ್ನು 5 ಸೆಕೆಂಡಿಗೊಮ್ಮೆ "ಇದ್ದೀಯಾ?" ಎಂದು ವಿಚಾರಿಸುತ್ತದೆ. ಸಂಪರ್ಕ ಕಡಿದರೆ 120 ಸೆಕೆಂಡು ಮರುಜೋಡಣೆಗೆ ಯತ್ನಿಸಿ ಆಮೇಲೆ ದೋಷವನ್ನು ಮೇಲಕ್ಕೆ ಕಳಿಸುತ್ತದೆ. ಒಂದೇ ಡಿಸ್ಕಿಗೆ ಎರಡು ದಾರಿ ಇಟ್ಟಿರುವ ಕಡೆ ಇಷ್ಟು ಕಾಯುವುದು ತಪ್ಪು: ಬೇಗ ಸೋತರೆ ತಾನೇ ಬೇಗ ಇನ್ನೊಂದು ದಾರಿ ಹಿಡಿಯಲು ಸಾಧ್ಯ? ಹಾಗಾಗಿ ಅಲ್ಲಿ ಅವಧಿಯನ್ನು ಇಳಿಸುತ್ತಾರೆ. 2019ರಲ್ಲಿ ಲಿನಕ್ಸ್ 5.0ಗೆ ಸೇರಿದ, ಟಿಸಿಪಿ ಮೇಲೆ ಓಡುವ ಎನ್‌ವಿಎಂಇ ಎಂಬ ಇಂಥದ್ದೇ ವ್ಯವಸ್ಥೆಯಲ್ಲಿ ಯತ್ನ ಕೈಬಿಡುವ ಅವಧಿ ಸಾಮಾನ್ಯವಾಗಿ 600 ಸೆಕೆಂಡು.

ಕಾಯುವುದಕ್ಕಿಂತಲೂ ಗಂಭೀರವಾದ ಸಂಗತಿ 2018ರಲ್ಲಿ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಬಳಗದ ಮುಂದೆ ಬಂತು. ಪ್ರೋಗ್ರಾಂ ಬರೆದದ್ದು ಮೊದಲು ಮೆಮೊರಿಯಲ್ಲಿ ಕೂತಿರುತ್ತದೆ. ಡಿಸ್ಕಿಗೆ ತಲುಪಿತೇ ಎಂದು ಎಫ್‌ಸಿಂಕ್ ಕರೆಯಿಂದ ಖಚಿತಪಡಿಸಿಕೊಳ್ಳಬೇಕು. ಬರವಣಿಗೆ ವಿಫಲವಾದರೆ ಲಿನಕ್ಸ್ ದೋಷ ಹೇಳುತ್ತಿತ್ತು, ಆದರೆ ಮೆಮೊರಿಯ ಆ ಪುಟಗಳನ್ನು ಬರೆದಾಯಿತು ಎಂದೇ ಗುರುತು ಹಾಕಿಬಿಡುತ್ತಿತ್ತು. ಎರಡನೇ ಸಲ ಕೇಳಿದರೆ "ಎಲ್ಲ ಸರಿಯಿದೆ" ಎಂಬ ಉತ್ತರ. ದತ್ತಾಂಶ ಮಾತ್ರ ಡಿಸ್ಕಿನಲ್ಲಿಲ್ಲ. ಹೊಲದ ಖಾತೆ ಬದಲಾವಣೆಯಂಥ ದಾಖಲೆ ಹೀಗೆ ಸದ್ದಿಲ್ಲದೆ ಮಾಯವಾಗುವುದಕ್ಕಿಂತ ರೈತರ ಸಾಲು ಒಂದು ದಿನ ನಿಲ್ಲುವುದೇ ವಾಸಿ. ಪೋಸ್ಟ್‌ಗ್ರೆಸ್ ಕೂಡ ಅದನ್ನೇ ಆರಿಸಿಕೊಂಡಿತು. 2019ರ ಫೆಬ್ರವರಿಯ ಆವೃತ್ತಿಗಳಿಂದೀಚೆಗೆ ಎಫ್‌ಸಿಂಕ್ ಸೋತರೆ ಅದು ಮತ್ತೆ ಯತ್ನಿಸುವುದಿಲ್ಲ. ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಮೊದಲೇ ಬರೆದಿಟ್ಟ ಲಾಗ್ ಓದಿ ದಾಖಲೆಗಳನ್ನು ಮತ್ತೆ ಕಟ್ಟುತ್ತದೆ.