ಗುಲ್ಬರ್ಗದ ನೂಶಿನ್ ಮತ್ತು ನಮ್ಮ ಹೆಣ್ಣುಮಕ್ಕಳು

(ಸಂಸ್ಥೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಉರ್ದು, ಕನ್ನಡ ಕಲಿಸುವ ಟೀಚರಿಗೆ ಆಟದ ಸುದ್ದಿ ಏಕೆ ಎಂದು ನೀವು ಕೇಳಬಹುದು. ಕಾರಣವಿದೆ, ಕೊನೆಯಲ್ಲಿ ಹೇಳುತ್ತೇನೆ. ಮೊದಲು ನಿಮಗೆ ಒಬ್ಬರ ಪರಿಚಯ ಮಾಡಿಕೊಡಬೇಕು.

ಅವರ ಹೆಸರು ನೂಶಿನ್ ಅಲ್ ಖದೀರ್. 1981ರಲ್ಲಿ ನಮ್ಮದೇ ರಾಜ್ಯದ ಗುಲ್ಬರ್ಗದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ ಹುಟ್ಟಿದವರು. ಅವರು ಆಫ್ ಸ್ಪಿನ್ ಬೌಲರ್. ಬೆರಳುಗಳಿಂದ ಚೆಂಡನ್ನು ತಿರುಗಿಸಿ, ನಿಧಾನವಾಗಿ ಎಸೆದು, ದಾಂಡಿಗರನ್ನು ತಪ್ಪು ಮಾಡುವಂತೆ ಮಾಡುವುದು ಈ ವಿದ್ಯೆ. ಇದಕ್ಕೆ ತೋಳಿನ ಬಲಕ್ಕಿಂತ ತಾಳ್ಮೆ ಹೆಚ್ಚು ಬೇಕು. ಒಂದೇ ಜಾಗಕ್ಕೆ ನೂರು ಸಲ, ಸಾವಿರ ಸಲ ಚೆಂಡು ಹಾಕಿ ಕಲಿಯಬೇಕು. ಮಗ್ಗಿ ಕಲಿತ ಹಾಗೆ.

2002ರಲ್ಲಿ ಅವರು ಭಾರತ ತಂಡಕ್ಕೆ ಬಂದರು. 78 ಏಕದಿನ ಪಂದ್ಯಗಳಲ್ಲಿ 100 ವಿಕೆಟ್ ಪಡೆದರು, 5 ಟೆಸ್ಟ್ ಪಂದ್ಯಗಳನ್ನೂ ಆಡಿದರು. ಆಗ ಮಹಿಳಾ ಕ್ರಿಕೆಟ್ಟಿನಲ್ಲಿ ಹಣವಿರಲಿಲ್ಲ. ಬಿಸಿಸಿಐ ಅದನ್ನು ತನ್ನ ಆಡಳಿತಕ್ಕೆ ತೆಗೆದುಕೊಂಡದ್ದೇ 2006ರಲ್ಲಿ. ಅಲ್ಲಿಯವರೆಗೆ ಆಟಗಾರ್ತಿಯರಿಗೆ ದೊಡ್ಡ ಆಸರೆಯಾಗಿದ್ದದ್ದು ರೈಲ್ವೆ. ಕ್ರೀಡಾ ಕೋಟಾದಲ್ಲಿ ಕೆಲಸ ಕೊಟ್ಟು ಆಡಿಸುತ್ತಿತ್ತು. ನೂಶಿನ್ ಕೂಡ ರೈಲ್ವೇಸ್ ತಂಡಕ್ಕೆ ಆಡಿದರು.

ಅಮೆರಿಕದಲ್ಲಿ ಸಾಫ್ಟ್‌ಬಾಲ್ ಎಂಬ ಆಟವಿದೆ. ಅಲ್ಲಿ ಚೆಂಡೆಸೆಯುವ ಹುಡುಗಿಯನ್ನು ಪಿಚರ್ ಎನ್ನುತ್ತಾರೆ. 43 ಅಡಿ ದೂರದಿಂದ, ತೋಳನ್ನು ಸುತ್ತಿ ಸೊಂಟದ ಕೆಳಗಿನಿಂದ ಎಸೆಯಬೇಕು. ಚೆನ್ನಾಗಿ ಎಸೆಯುವವಳಿಗೆ ಕಾಲೇಜುಗಳೇ ವಿದ್ಯಾರ್ಥಿವೇತನ ಕೊಟ್ಟು ಓದಿಸುತ್ತವೆ. ಕೆಲವರು ಮುಂದೆ ವೃತ್ತಿಪರ ಲೀಗ್‌ಗಳಲ್ಲೂ ಆಡುತ್ತಾರೆ. ಸರಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳು ಹೆಣ್ಣು ಗಂಡೆಂದು ಭೇದ ಮಾಡಬಾರದೆಂದು 1972ರಲ್ಲಿ ಅಲ್ಲಿ ಕಾನೂನು ಬಂತು, ಆ ಮೇಲೆ ಈ ದಾರಿ ಅಗಲವಾಯಿತು. ಅಲ್ಲಿ ಕಾಲೇಜು ಮಾಡಿದ ಕೆಲಸವನ್ನು ನಮ್ಮಲ್ಲಿ ಬಹುಮಟ್ಟಿಗೆ ರೈಲ್ವೆ ಮಾಡಿತು. ಯಾರಾದರೂ ಒಬ್ಬರು ದಾರಿ ಮಾಡಿಕೊಡಲೇಬೇಕು ನೋಡಿ.

ನೂಶಿನ್ ಅವರ ಕಥೆಗೆ ಬರೋಣ. 2005ರ ಏಪ್ರಿಲ್ 10, ದಕ್ಷಿಣ ಆಫ್ರಿಕಾದ ಸೆಂಚೂರಿಯನ್. ವಿಶ್ವಕಪ್ ಫೈನಲ್‌ನಲ್ಲಿ ಆಸ್ಟ್ರೇಲಿಯದ ಎದುರು ಭಾರತ 98 ರನ್ನುಗಳಿಂದ ಸೋತಿತು. ಸೋತ ತಂಡದಲ್ಲಿ ನೂಶಿನ್ ಇದ್ದರು. ಆಟ ಮುಗಿದ ಮೇಲೆ ಅವರು ಮೈದಾನ ಬಿಡಲಿಲ್ಲ, ತರಬೇತುದಾರರಾದರು. 2023ರ ಜನವರಿ 29ರಂದು ಅದೇ ದಕ್ಷಿಣ ಆಫ್ರಿಕಾದಲ್ಲಿ 19 ವರ್ಷದೊಳಗಿನ ಹುಡುಗಿಯರ ಮೊದಲ ಟಿ-20 ವಿಶ್ವಕಪ್ ಫೈನಲ್ ನಡೆಯಿತು. ಇಂಗ್ಲೆಂಡನ್ನು 68 ರನ್ನಿಗೆ ಕಟ್ಟಿಹಾಕಿ ಭಾರತ ಗೆದ್ದಿತು. ಭಾರತದ ಮಹಿಳಾ ಕ್ರಿಕೆಟ್ಟಿಗೆ ದೊರೆತ ಮೊದಲ ವಿಶ್ವಕಪ್ ಅದು. ಆ ತಂಡದ ಮುಖ್ಯ ತರಬೇತುದಾರರು ಇದೇ ನೂಶಿನ್. ಹದಿನೆಂಟು ವರ್ಷಗಳ ಹಿಂದೆ ಕೈತಪ್ಪಿದ್ದನ್ನು ಅವರು ತಮ್ಮ ಶಿಷ್ಯೆಯರ ಕೈಯಲ್ಲಿ ನೋಡಿದರು. ಶಿಕ್ಷಕಿಯಾದ ನನಗೆ ಇದಕ್ಕಿಂತ ದೊಡ್ಡ ಸಂತೋಷ ಯಾವುದಿದೆ ಎನಿಸುತ್ತದೆ.

ಈಗ ನನ್ನ ಕಾರಣ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಥ್ರೋಬಾಲ್‌ನಲ್ಲಿ ಅವಳು ಎಸೆದ ಚೆಂಡನ್ನು ಹಿಡಿಯುವವರಿರಲಿಲ್ಲ. ಎಂಟನೇ ತರಗತಿಯಲ್ಲಿ ತಾಲೂಕು ಮಟ್ಟಕ್ಕೆ ಆಯ್ಕೆಯಾದಳು. ಅವಳ ತಂದೆ ಶಾಲೆಗೆ ಬಂದು, "ಟೀಚರ್, ಹುಡುಗಿ ದೊಡ್ಡವಳಾದಳಲ್ಲ, ಇನ್ನು ಆಟ ಎಲ್ಲ ಬೇಡ" ಎಂದರು. ಕೆಟ್ಟವರಲ್ಲ, ಮಗಳ ಮೇಲೆ ಜೀವ ಇಟ್ಟುಕೊಂಡವರು. ನಾನು "ಸರಿ" ಎಂದುಬಿಟ್ಟೆ. ಜೊತೆಗೆ ಯಾರು ಹೋಗುತ್ತಾರೆ, ಏನು ಉಡುಪು, ಎಷ್ಟು ಹೊತ್ತಿಗೆ ಮನೆಗೆ ಬರುತ್ತಾಳೆ ಎಂದು ಅವರಿಗೆ ವಿವರಿಸಬಹುದಿತ್ತು. ನಾನೇ ಜೊತೆಗೆ ಹೋಗುತ್ತೇನೆ ಎನ್ನಬಹುದಿತ್ತು. ಹೇಳಲಿಲ್ಲ. ಆ ದಿನ ಅವಳು ಮೂಲೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತದ್ದು ನನಗೆ ಇಂದಿಗೂ ಮರೆಯದು.

ಆದ್ದರಿಂದ ಪೋಷಕರೇ, ನಿಮ್ಮಲ್ಲಿ ನನ್ನ ವಿನಂತಿ. "ಬೇಡ" ಎನ್ನುವ ಮೊದಲು ನಮ್ಮನ್ನು ಪ್ರಶ್ನೆ ಕೇಳಿ. ಉತ್ತರ ಕೊಡುವುದು ನಮ್ಮ ಹೊಣೆ. ಉಡುಪಿನ ಚಿಂತೆಯಿದ್ದರೆ ತಿಳಿದಿರಲಿ: ತಲೆವಸ್ತ್ರ ಧರಿಸಿ ಆಡಲು ಅಂತಾರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆ 2014ರಲ್ಲಿ, ಬಾಸ್ಕೆಟ್‌ಬಾಲ್ ಸಂಸ್ಥೆ 2017ರಲ್ಲಿ ಒಪ್ಪಿಗೆ ಕೊಟ್ಟಿವೆ. ಓದು ಹಾಳಾಗುತ್ತದೆಂಬ ಭಯವಿದ್ದರೆ ಹತ್ತಿರದ ಮೂಡುಬಿದಿರೆಯನ್ನು ನೋಡಿ. ಆಳ್ವಾಸ್ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಉಚಿತವಾಗಿ ಓದಿಸುತ್ತಿದೆ. ವೃತ್ತಿಶಿಕ್ಷಣದ ಸೀಟುಗಳಲ್ಲೂ ಕ್ರೀಡಾ ಕೋಟಾ ಇದೆ.

ಶಿಕ್ಷಕ ಮಿತ್ರರೇ, ಪರೀಕ್ಷೆ ಹತ್ತಿರ ಬಂತೆಂದು ಪಿ.ಟಿ. ಪೀರಿಯಡನ್ನು ಗಣಿತಕ್ಕೆ ಕೊಡಬೇಡಿ. ಈ ತಪ್ಪನ್ನು ನಾನೂ ಮಾಡಿದ್ದೇನೆ.

ವಿದ್ಯಾರ್ಥಿನಿಯರೇ, ನೀವೆಲ್ಲರೂ ನೂಶಿನ್ ಆಗಬೇಕಿಲ್ಲ. ಆದರೆ ಕೈಯಲ್ಲಿ ವಿದ್ಯೆ ಇದ್ದರೆ ಬಚ್ಚಿಡಬೇಡಿ. ಮನೆಯಲ್ಲಿ ಹೇಳಲು ಧೈರ್ಯ ಸಾಲದಿದ್ದರೆ ನಮ್ಮ ಬಳಿ ಬನ್ನಿ. ಈ ಸಲ ನಾನು "ಸರಿ" ಎಂದು ಸುಮ್ಮನಾಗುವುದಿಲ್ಲ, ನಿಮ್ಮ ಮನೆಗೆ ಬಂದು ಮಾತನಾಡುತ್ತೇನೆ.