ಕೋರ್ಟಿನ ಕಾಗದ ಬಂದರೆ ಸುಮ್ಮನಿರಬೇಡಿ



ಇವತ್ತು ನಾನು ಮಾತಾಡೋದು ಒಂದೇ ಒಂದು ಕಾಗದದ ಬಗ್ಗೆ. ಹಾರ್ಲೆಮ್, ಹೋಫ್‌ಡಾರ್ಪ್, ಸ್ಖಿಪೊಲ್ ಕಡೆ ದುಡಿಯುವ ನಮ್ಮಲ್ಲಿ ಯಾರ ಬಾಗಿಲಿಗೆ ಬೇಕಾದರೂ ಅದು ಬರಬಹುದು. ಡಚ್ಚರು ಅದಕ್ಕೆ ಡಾಖ್‌ಫಾರ್ಡಿಂಗ್ ಅಂತಾರೆ. ನಮ್ಮೂರ ಭಾಷೆಯಲ್ಲಿ ಹೇಳೋದಾದರೆ ಕೋರ್ಟ್ ಸಮನ್ಸ್. ನಾನು ವಕೀಲನಲ್ಲ, ಲೆಕ್ಕ ಬರೆಯೋದು ನನ್ನ ಕೆಲಸ. ಹಾಗಾಗಿ ದುಡ್ಡಿನ ಲೆಕ್ಕದಿಂದಲೇ ವಿಷಯ ಹೇಳ್ತೀನಿ.

ಊರಲ್ಲಿ ಸಮನ್ಸ್ ತರುವವರು ಕೋರ್ಟ್ ಅಮೀನರು. ಇಲ್ಲಿ ತರುವವರು ಡ್ಯೂರ್‌ವಾರ್ಡರ್. ಇವರು ಸರ್ಕಾರದಿಂದ ನೇಮಕವಾದ ಅಧಿಕಾರಿ, ಆದರೆ ಖಾಸಗಿ ಕಚೇರಿ ಇಟ್ಟುಕೊಂಡಿರುತ್ತಾರೆ. ನೀವು ಮನೆಯಲ್ಲಿ ಇಲ್ಲದಿದ್ದರೆ ಕಾಗದವನ್ನು ಮುಚ್ಚಿದ ಲಕೋಟೆಯಲ್ಲಿ ಅಂಚೆ ಪೆಟ್ಟಿಗೆಗೆ ಹಾಕಿ ಹೋಗಬಹುದು. ಅಷ್ಟಾದರೆ ಸಾಕು, ನಿಮಗೆ ಸಮನ್ಸ್ ಮುಟ್ಟಿದಂತೆಯೇ. ಒಂದೇ ಮನೆಯಲ್ಲಿ ನಾಲ್ಕೈದು ಜನ ಇದ್ದು, ಎಲ್ಲರ ಕಾಗದವೂ ಒಂದೇ ಪೆಟ್ಟಿಗೆಗೆ ಬೀಳುವಲ್ಲಿ ಏನಾಗುತ್ತೆ ಅಂತ ನಿಮಗೇ ಗೊತ್ತು.

ಈ ಕಾಗದಕ್ಕೆ ಉತ್ತರ ಕೊಡದೆ ಹೋದರೆ ಏನಾಗುತ್ತೆ? ನಿಗದಿಯಾದ ದಿನ ನೀವೂ ಬರಲಿಲ್ಲ, ನಿಮ್ಮ ಉತ್ತರವೂ ಬರಲಿಲ್ಲ ಅಂದರೆ ನ್ಯಾಯಾಧೀಶರು ‘ಫರ್‌ಸ್ಟೆಕ್’ ಎಂದು ದಾಖಲಿಸುತ್ತಾರೆ. ಅಂದರೆ ಪ್ರತಿವಾದಿ ಗೈರುಹಾಜರು. ಕೇಳಿದ ಹಣ ಕಾನೂನಿಗೆ ವಿರುದ್ಧವಾಗಿದೆ ಅಥವಾ ಅದಕ್ಕೆ ಆಧಾರವೇ ಇಲ್ಲ ಅಂತ ಅವರಿಗೆ ಅನ್ನಿಸದಿದ್ದರೆ, ಕಂಪನಿ ಕೇಳಿದಷ್ಟನ್ನೂ ಕೊಡಿಸುವ ತೀರ್ಪು ಬರುತ್ತೆ. ನಮ್ಮಲ್ಲಿ ಇದನ್ನೇ ಏಕಪಕ್ಷೀಯ ಡಿಕ್ರಿ ಅನ್ನೋದು. ಗ್ರಾಹಕರ ಒಪ್ಪಂದದಲ್ಲಿ ಅನ್ಯಾಯದ ಷರತ್ತು ಇದೆಯೇ ಅಂತ ಇಲ್ಲಿನ ನ್ಯಾಯಾಧೀಶರು ತಾವಾಗಿಯೇ ನೋಡುತ್ತಾರೆ, ನಿಜ. ಆದರೆ ನೀವು ಆಗಲೇ ದುಡ್ಡು ಕಟ್ಟಿದ್ದೀರಿ, ಅಥವಾ ಆ ಚಂದಾ ನಿಲ್ಲಿಸಿ ಇಮೇಲ್ ಕಳಿಸಿದ್ದೀರಿ ಅನ್ನೋದು ಅವರಿಗೆ ಹೇಗೆ ಗೊತ್ತಾಗಬೇಕು? ಮೌನಂ ಸಮ್ಮತಿ ಲಕ್ಷಣಂ ಅನ್ನೋ ಮಾತು ಇಲ್ಲಿ ಅಕ್ಷರಶಃ ನಡೆಯುತ್ತೆ.

ಈಗ ಲೆಕ್ಕ. ಉದಾಹರಣೆಗೆ, ಮೊಬೈಲ್ ಕಂಪನಿಗೆ 300 ಯೂರೋ ಬಾಕಿ ಇದೆ ಅಂತಿಟ್ಟುಕೊಳ್ಳಿ. ವಸೂಲಿ ಖರ್ಚು ಸೇರಿಸುವ ಮೊದಲು ಅವರು ಗ್ರಾಹಕರಿಗೆ 14 ದಿನ ಸಮಯ ಕೊಡುವ ಪತ್ರ ಕಳಿಸಲೇಬೇಕು. ಆ ಅವಧಿಯಲ್ಲಿ ಕಟ್ಟಿದರೆ ಈ ಖರ್ಚು ಬೀಳುವುದಿಲ್ಲ. ಅದು ದಾಟಿದರೆ, 2,500 ಯೂರೋ ತನಕದ ಬಾಕಿಗೆ ನೂರಕ್ಕೆ 15, ಕನಿಷ್ಠ 40 ಯೂರೋ. ಇಲ್ಲಿಗೆ 45 ಸೇರಿತು. ಕೋರ್ಟಿಗೆ ಹೋದರೆ ಸಮನ್ಸ್ ತಲುಪಿಸಿದ ಖರ್ಚು, ಕಂಪನಿ ಕಟ್ಟಿದ ಕೋರ್ಟ್ ಶುಲ್ಕ ಎರಡೂ ಸೋತವರ ತಲೆಗೆ. ಈಚಿನ ವರ್ಷಗಳಲ್ಲಿ ಇವು ಒಂದೊಂದೂ ನೂರು ಯೂರೋ ದಾಟುತ್ತವೆ. 300 ಇದ್ದದ್ದು 545ಕ್ಕೂ ಮೇಲೆ ಹೋಯಿತು. ಬಡ್ಡಿ, ಕಂಪನಿಯ ಪ್ರತಿನಿಧಿಯ ಫೀಸು, ಆಮೇಲಿನ ಜಪ್ತಿ ಖರ್ಚು ಇದರಲ್ಲಿ ಇನ್ನೂ ಸೇರಿಲ್ಲ.

ತೀರ್ಪು ಕೈಯಲ್ಲಿ ಇದ್ದರೆ ಡ್ಯೂರ್‌ವಾರ್ಡರ್ ನಿಮ್ಮ ಸಂಬಳಕ್ಕೋ ಬ್ಯಾಂಕ್ ಖಾತೆಗೋ ಜಪ್ತಿ ಹಾಕಬಹುದು. ಸಂಬಳದ ಜಪ್ತಿ ಅಂದರೆ ನಿಮ್ಮ ಮಾಲೀಕರಿಗೂ ವಿಷಯ ಗೊತ್ತಾಗುತ್ತೆ. ಇಂಥ ತೀರ್ಪನ್ನು ಸಾಮಾನ್ಯವಾಗಿ 20 ವರ್ಷದವರೆಗೆ ಜಾರಿ ಮಾಡಬಹುದು. ಊಟ, ಬಾಡಿಗೆಗೆ ಬೇಕಾದ ಒಂದು ಭಾಗವನ್ನು ಅವರು ಮುಟ್ಟುವ ಹಾಗಿಲ್ಲ. ಅದಕ್ಕೆ ‘ಬೆಸ್ಲಾಖ್‌ಫ್ರೈಯೆ ಫುಟ್’ ಅನ್ನುತ್ತಾರೆ. 2021ರಿಂದ ಬ್ಯಾಂಕ್ ಖಾತೆಯ ಜಪ್ತಿಗೂ ಇಂಥ ರಕ್ಷಣೆ ಇದೆ. ಲೆಕ್ಕ ತಪ್ಪಿದೆ ಅನ್ನಿಸಿದರೆ ನಿಮ್ಮ ಆದಾಯದ ವಿವರ ಕೊಟ್ಟು ಸರಿಪಡಿಸಿ ಅಂತ ಕೇಳಿ.

ಇನ್ನು, ಕಾಗದ ಬಂದಾಗ ಏನು ಮಾಡಬೇಕು?

1. ಮೊದಲು ಯಾರು ಕಳಿಸಿದ್ದು ಅಂತ ನೋಡಿ. ವಸೂಲಿ ಏಜೆನ್ಸಿ ಬರೀ ಪತ್ರ ಬರೆದು ಜಪ್ತಿ ಮಾಡಲಾರದು. ವಾಟ್ಸಾಪ್‌ನಲ್ಲೋ ಇಮೇಲ್‌ನಲ್ಲೋ ಲಿಂಕ್ ಕಳಿಸಿ ‘ಈಗಲೇ ಕಟ್ಟಿ’ ಅಂದರೆ ಮೋಸ ಇರಬಹುದು. ಆ ಲಿಂಕ್ ಒತ್ತಬೇಡಿ. ಡ್ಯೂರ್‌ವಾರ್ಡರ್ ಕಚೇರಿಯ ನಂಬರ್ ನೀವೇ ಹುಡುಕಿ ಫೋನ್ ಮಾಡಿ.

2. ಸಮನ್ಸ್‌ನಲ್ಲಿ ದಿನಾಂಕ ಮತ್ತು ಕೋರ್ಟಿನ ವಿಳಾಸ ಇರುತ್ತೆ. ಹಾರ್ಲೆಮ್‌ನಲ್ಲಿ ವಾಸ ಇರುವವರಿಗೆ ಸಾಮಾನ್ಯವಾಗಿ ನೂರ್ಡ್-ಹಾಲಂಡ್ ಜಿಲ್ಲಾ ನ್ಯಾಯಾಲಯದ ಹಾರ್ಲೆಮ್ ಶಾಖೆ. 25,000 ಯೂರೋ ತನಕದ ವ್ಯಾಜ್ಯ, ಮತ್ತೆ ಮನೆ ಬಾಡಿಗೆ, ಕೆಲಸದ ವ್ಯಾಜ್ಯಗಳೆಲ್ಲ ಕಾಂಟನ್‌ರೆಖ್ಟರ್ ಎಂಬ ನ್ಯಾಯಾಧೀಶರ ಮುಂದೆ ಹೋಗುತ್ತವೆ. ಅಲ್ಲಿ ವಕೀಲರು ಇರಲೇಬೇಕು ಅಂತಿಲ್ಲ. ಪ್ರತಿವಾದಿ ಕೋರ್ಟ್ ಶುಲ್ಕ ಕಟ್ಟಬೇಕಾಗಿಲ್ಲ.

3. ಆ ದಿನ ಹೋಗಿ ಬಾಯಲ್ಲಿ ಹೇಳಬಹುದು, ಇಲ್ಲವೇ ಮೊದಲೇ ಬರೆದು ಕಳಿಸಬಹುದು. ಉತ್ತರ ಡಚ್ ಭಾಷೆಯಲ್ಲೇ ಇರಲಿ. ಭಾಷೆ ಬಲ್ಲವರ ಸಹಾಯ ತಗೊಳ್ಳಿ. ಸಮಯ ಸಾಲದಿದ್ದರೆ ಆ ದಿನಾಂಕಕ್ಕೆ ಮೊದಲೇ ಮುಂದೂಡಿಕೆ ಕೇಳಿ.

4. ಬಾಕಿ ಇರೋದು ನಿಜವೇ ಆದರೂ ಉತ್ತರ ಕೊಡಿ. ಎಷ್ಟು ಒಪ್ಪುತ್ತೀರಿ, ಯಾವುದನ್ನು ಒಪ್ಪುವುದಿಲ್ಲ ಅಂತ ಬರೆಯಿರಿ. ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿ. ಕಂತಿಗೆ ಒಪ್ಪುತ್ತೀರಾ ಅಂತ ಎದುರಿನವರನ್ನು ಕೇಳಿ. ಅವರು ಒಪ್ಪಿದರೆ ಬರಹದಲ್ಲಿ ತಗೊಳ್ಳಿ. ಕೇಸು ವಾಪಸಾಯಿತೋ ಇಲ್ಲವೋ ಖಚಿತವಾಗದೆ ಕೋರ್ಟಿನ ದಿನ ತಪ್ಪಿಸಬೇಡಿ.

ತೀರ್ಪು ಆಗಲೇ ಬಂದಿದ್ದರೆ? ದಾರಿ ಇದೆ, ಆದರೆ ಕಿರಿದು. ಅದಕ್ಕೆ ‘ಫರ್‌ಜೆಟ್’ ಅಂತಾರೆ. ತೀರ್ಪಿನ ಪ್ರತಿ ನಿಮ್ಮ ಕೈಗೇ ಕೊಟ್ಟ ದಿನದಿಂದ, ಅಥವಾ ತೀರ್ಪು ನಿಮಗೆ ಗೊತ್ತು ಅಂತ ತೋರಿಸುವ ಕೆಲಸ ನೀವು ಮಾಡಿದ ದಿನದಿಂದ ನಾಲ್ಕು ವಾರ. ‘ಆ ತೀರ್ಪಿನ ಹಣ ಕಂತಲ್ಲಿ ಕಟ್ಟುತ್ತೇನೆ’ ಅಂತ ನೀವು ಬರೆದ ಒಂದು ಇಮೇಲ್‌ನಿಂದಲೂ ಈ ಗಡುವು ಶುರುವಾಗಬಹುದು. ಕೋರ್ಟಿಗೆ ಬರೀ ಪತ್ರ ಬರೆದರೆ ಸಾಲದು. ಡ್ಯೂರ್‌ವಾರ್ಡರ್ ಮೂಲಕ ವಾದಿಗೆ ಸಮನ್ಸ್ ಕೊಡಿಸಬೇಕು. ಫರ್‌ಜೆಟ್ ಹಾಕಿದ ಮಾತ್ರಕ್ಕೆ ಜಪ್ತಿ ನಿಲ್ಲುತ್ತೆ ಅಂತಲೂ ಅಂದುಕೊಳ್ಳಬೇಡಿ. ಅದಕ್ಕೇ ತೀರ್ಪು ಕಂಡ ದಿನವೇ, ಡ್ಯೂರ್‌ವಾರ್ಡರ್‌ಗೆ ಏನಾದರೂ ಬರೆಯುವ ಮೊದಲೇ, ಸಲಹೆ ಕೇಳಿ. ಯುರಿಡಿಸ್ ಲೊಕೆಟ್ ಎಂಬ ಸಂಸ್ಥೆ ಉಚಿತ ಕಾನೂನು ಸಲಹೆ ಕೊಡುತ್ತದೆ. ಸಾಲ ಕೈಮೀರಿದ್ದರೆ ನಗರಸಭೆ, ಅಂದರೆ ಖೆಮೇಂಟೆಯಲ್ಲಿ ಸಾಲ ಪರಿಹಾರದ ನೆರವು ಕೇಳಬಹುದು.

ಕೊನೆಯದಾಗಿ ವಿಳಾಸದ ವಿಷಯ. ಡ್ಯೂರ್‌ವಾರ್ಡರ್ ಹೋಗೋದು ಖೆಮೇಂಟೆಯಲ್ಲಿ ನೋಂದಾಯಿಸಿದ ನಿಮ್ಮ ವಿಳಾಸಕ್ಕೆ. ಸ್ಖಾಲ್ಕ್‌ವೈಕ್‌ನಿಂದ ಹೋಫ್‌ಡಾರ್ಪ್‌ಗೆ ಮನೆ ಬದಲಿಸಿ ತಿಳಿಸದೆ ಇದ್ದರೆ, ಸಮನ್ಸ್ ಹಳೆ ಮನೆಯ ಪೆಟ್ಟಿಗೆಗೆ ಬೀಳುತ್ತೆ, ತೀರ್ಪು ನಿಮ್ಮ ಹೆಸರಿಗೆ ಬರುತ್ತೆ. ಮನೆ ಬದಲಿಸಿದ 5 ದಿನದೊಳಗೆ ಹೊಸ ಊರಿನ ಖೆಮೇಂಟೆಗೆ ತಿಳಿಸಬೇಕು. ಪೂರ್ತಿಯಾಗಿ ಊರಿಗೆ ವಾಪಸ್ ಹೋಗುವವರು ನೋಂದಣಿ ತೆಗೆಸಿ, ಊರಿನ ವಿಳಾಸ ಕೊಟ್ಟು ಹೋಗಿ. ವಿಮೆ, ಮೊಬೈಲ್, ಕರೆಂಟು ಎಲ್ಲವನ್ನೂ ಬರಹದಲ್ಲಿ ನಿಲ್ಲಿಸಿ, ಆ ಪತ್ರಗಳನ್ನು ಇಟ್ಟುಕೊಳ್ಳಿ. ಎಲ್ಲಿದ್ದೀರಿ ಅಂತಲೇ ಗೊತ್ತಾಗದಿದ್ದರೆ ಸಮನ್ಸ್‌ನ ಸಾರವನ್ನು ಸರ್ಕಾರಿ ಗೆಜೆಟ್‌ನಲ್ಲಿ ಪ್ರಕಟಿಸಿ ಕೇಸು ಮುಂದುವರಿಸಬಹುದು. ದಾವಣಗೆರೆಯಲ್ಲೋ ಕಲಬುರಗಿಯಲ್ಲೋ ಕೂತು ಡಚ್ ಗೆಜೆಟ್ ಓದುವವರು ಯಾರು?

ಕರ್ನಾಟಕದಲ್ಲೂ ಹೀಗೇ. ನೀವು ಇಲ್ಲಿರುವಾಗ ಅಲ್ಲಿ ಜಮೀನಿನ ಮೇಲೋ ಸಾಲದ ಮೇಲೋ ದಾವೆ ಬಿದ್ದು ಏಕಪಕ್ಷೀಯ ಡಿಕ್ರಿ ಆದರೆ, ಅದನ್ನು ರದ್ದು ಮಾಡಿಸಲು ಡಿಕ್ರಿ ಆದ ದಿನದಿಂದ 30 ದಿನ. ಸಮನ್ಸ್ ಸರಿಯಾಗಿ ಜಾರಿ ಆಗಿರದಿದ್ದರೆ ಗೊತ್ತಾದ ದಿನದಿಂದ 30 ದಿನ. ಮನೆಗೆ ಕೋರ್ಟಿನ ಕಾಗದ ಬಂದರೆ ಅವತ್ತೇ ಫೋಟೋ ಕಳಿಸಿ ಅಂತ ಅಪ್ಪ ಅಮ್ಮನಿಗೆ ಈಗಲೇ ಹೇಳಿಡಿ.

ಇವತ್ತು ಮನೆಗೆ ಹೋದ ಮೇಲೆ ಬಿಚ್ಚದೆ ಇಟ್ಟಿರುವ ಲಕೋಟೆಗಳನ್ನೆಲ್ಲ ಬಿಚ್ಚಿ ನೋಡಿ. ಓದಿ ಅರ್ಥವಾಗದಿದ್ದರೆ ಮುಂದಿನ ಸಭೆಯ ತನಕ ಕಾಯಬೇಡಿ, ಡಚ್ ಬಲ್ಲವರಿಗೆ ನಾಳೆಯೇ ತೋರಿಸಿ.